ನೇತ್ರಾಣಿಯ ನಂತರ ಮಾಂಟೆರೆ: ತಣ್ಣೀರಿನ ಮೊದಲ ಡೈವಿಂಗ್‌ಗೆ ಹೊರಡುವವರಿಗೆ

ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಸ್ಕೂಬಾ ಕಲಿತು, ಓಪನ್ ವಾಟರ್ ಪ್ರಮಾಣಪತ್ರ ಪಡೆದು, ಅನಂತರ ಕೆಲಸಕ್ಕೆಂದೋ ನೆಂಟರ ಮನೆಗೆಂದೋ ಕ್ಯಾಲಿಫೋರ್ನಿಯಾಕ್ಕೆ ಬಂದವರಿಗೆ ಮಾಂಟೆರೆ ಕೊಲ್ಲಿಯಲ್ಲಿ ಮುಳುಗುವ ಆಸೆ ಹುಟ್ಟುವುದು ಸಹಜ. ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಅಲ್ಲಿನ ಅಕ್ವೇರಿಯಂನಲ್ಲಿ ಗಾಜಿನ ಈಚೆ ನಿಂತು ನೋಡಿದ, ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡನ್ನು ನೀರಿನೊಳಗಿಂದಲೇ ನೋಡಬೇಕೆಂದು ನಾನೂ ನನ್ನ ಪತ್ನಿಯೂ ಅಕ್ಟೋಬರಿನಲ್ಲಿ ಹೋದೆವು. ನಮ್ಮಿಬ್ಬರಿಗೂ ಅದುವರೆಗೆ ಗೊತ್ತಿದ್ದುದು ಬೆಚ್ಚನೆಯ ನೀರು ಮಾತ್ರ. ನೇತ್ರಾಣಿಯ ಸುತ್ತ ನೀರು 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಮಾಂಟೆರೆಯಲ್ಲಿ ಸಾಮಾನ್ಯವಾಗಿ 10ರಿಂದ 14 ಡಿಗ್ರಿ. ಹೊರಡುವ ಮುನ್ನ ಎಲ್ಲರೂ ಚಳಿಯ ಬಗ್ಗೆಯೇ ಎಚ್ಚರಿಸುತ್ತಾರೆ. ಆದರೆ ಹೊಸ ಡೈವರನ್ನು ನಿಜವಾಗಿ ಕಾಡುವುದು ಚಳಿಯಲ್ಲ. ಚಳಿಯನ್ನು ತಡೆಯಲು ತೊಡುವ ಉಡುಪು ಮತ್ತು ಆ ಉಡುಪಿನಿಂದಾಗಿ ಸೊಂಟಕ್ಕೆ ಕಟ್ಟಿಕೊಳ್ಳಬೇಕಾದ ಸೀಸ.

ಇಲ್ಲಿ ಬಾಡಿಗೆಗೆ ಸಿಗುವುದು 7 ಮಿಲಿಮೀಟರ್ ದಪ್ಪದ ನಿಯೋಪ್ರೀನ್ ವೆಟ್‌ಸೂಟ್. ಜೊತೆಗೆ ತಲೆಗೆ ಹುಡ್, ಕೈಗೆ ದಪ್ಪ ಗ್ಲೌಸ್, ಕಾಲಿಗೆ ಬೂಟಿ. ನಿಯೋಪ್ರೀನಿನ ತುಂಬ ಅನಿಲದ ಸಣ್ಣ ಗುಳ್ಳೆಗಳಿರುವುದರಿಂದ ಅದು ನಮ್ಮನ್ನು ಮೇಲಕ್ಕೆ ಎತ್ತುತ್ತದೆ. ತೆಳು ಸೂಟಿನಲ್ಲಿ ಮೂರು ನಾಲ್ಕು ಕಿಲೋ ಸೀಸ ಸಾಕಾಗುತ್ತಿದ್ದವರಿಗೆ ಇಲ್ಲಿ ಹತ್ತು ಕಿಲೋ ಮೀರಿದರೂ ಆಶ್ಚರ್ಯವಿಲ್ಲ. ತೊಡಕು ಇರುವುದು ಮುಂದಿನ ಹಂತದಲ್ಲಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟಾಗುತ್ತದೆ, ಗುಳ್ಳೆಗಳು ಕುಗ್ಗುತ್ತವೆ, ಸೂಟು ತೆಳುವಾಗಿ ತನ್ನ ಬಿಸಿಯನ್ನೂ ತೇಲಿಸುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಸೀಸ ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ಇಳಿಯುವಾಗ ಬಿಸಿಡಿಗೆ (ಗಾಳಿ ತುಂಬಿ ತೇಲುವಿಕೆಯನ್ನು ಹದಗೊಳಿಸುವ ಜಾಕೆಟ್‌ಗೆ) ಸ್ವಲ್ಪ ಸ್ವಲ್ಪವಾಗಿ, ಆಗಾಗ ಗಾಳಿ ತುಂಬುತ್ತಿರಬೇಕು. ಏರುವಾಗ ಸೂಟೂ ಬಿಸಿಡಿಯೂ ಒಟ್ಟಿಗೆ ಉಬ್ಬುವುದರಿಂದ, ಅದರಲ್ಲೂ ಕೊನೆಯ ಹತ್ತು ಮೀಟರಿನಲ್ಲಿ, ಗಾಳಿಯನ್ನು ಮುಂಚಿತವಾಗಿಯೇ ಬಿಡುತ್ತ ಬರಬೇಕು. ನೇತ್ರಾಣಿಯಲ್ಲಿ ಉಸಿರಿನಿಂದಲೇ ಮೇಲೆ ಕೆಳಗೆ ಆಗುತ್ತಿದ್ದವರಿಗೆ ಇದು ಹೊಸ ವಿದ್ಯೆಯೇ ಸರಿ.

ತೂಕವನ್ನು ಅಂದಾಜಿಗೆ ಬಿಡಬಾರದು. ಪೂರ್ತಿ ಉಡುಪು ತೊಟ್ಟು, ನಿಲ್ಲಲು ಆಗದಷ್ಟು ಆಳಕ್ಕೆ ಹೋಗಿ, ಬಿಸಿಡಿಯ ಗಾಳಿಯನ್ನೆಲ್ಲ ಬಿಟ್ಟು, ಸಾಮಾನ್ಯ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ತುಂಬಿದ ಅಲ್ಯೂಮಿನಿಯಂ ಸಿಲಿಂಡರಿನಿಂದ ಡೈವ್ ಮುಗಿಯುವಷ್ಟರಲ್ಲಿ ಸುಮಾರು ಎರಡು ಕಿಲೋ ಗಾಳಿ ಖರ್ಚಾಗಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು, ಕೊನೆಯಲ್ಲಿ ಐದು ಮೀಟರ್ ಆಳದಲ್ಲಿ ಸ್ಥಿರವಾಗಿ ನಿಲ್ಲಲು ಆಗುತ್ತದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಬೇಕು. ಮುಳುಗಲಾಗದ ಸಿಟ್ಟಿಗೆ ಇನ್ನೆರಡು ಕಿಲೋ ಸೇರಿಸಿಬಿಡುವ ಚಾಳಿ ಎಲ್ಲ ಕಡೆಯೂ ಇದೆ. ಇಲ್ಲಿ ಅದು ತಳದಲ್ಲಿ ತೊಂದರೆ ಕೊಡುತ್ತದೆ.

ದಪ್ಪ ಗ್ಲೌಸ್ ತೊಟ್ಟ ಬೆರಳಿಗೆ, ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರಿನ ಗುಂಡಿ ಯಾವುದು, ತೂಕದ ಬೆಲ್ಟಿನ ಬಕಲ್ ಯಾವುದು ಎಂದು ತಿಳಿಯುವುದಿಲ್ಲ. ದಡದಲ್ಲಿಯೇ ಕಣ್ಣು ಮುಚ್ಚಿ ಇವೆರಡನ್ನೂ ಹುಡುಕಿ ಅಭ್ಯಾಸ ಮಾಡಿಕೊಳ್ಳಿ. ಹುಡ್ ಕುತ್ತಿಗೆಯನ್ನು ಬಿಗಿಯುತ್ತದೆ, ತಣ್ಣೀರು ಮುಖಕ್ಕೆ ತಾಗಿದೊಡನೆ ಉಸಿರು ಹಿಡಿದಂತಾಗುತ್ತದೆ. ಕೆಳಗಿಳಿಯುವ ಮೊದಲು ಉಸಿರಾಟದ ಉಪಕರಣವಾದ ರೆಗ್ಯುಲೇಟರ್ ಬಾಯಿಗಿಟ್ಟು ಒಂದೆರಡು ನಿಮಿಷ ಮುಖವನ್ನು ನೀರಿಗೆ ಅದ್ದಿಕೊಂಡಿದ್ದರೆ ಉಸಿರು ಹದಕ್ಕೆ ಬರುತ್ತದೆ. ಮಾಸ್ಕಿನೊಳಗಿನ ನೀರು ಹೊರಹಾಕುವುದನ್ನೂ ಮೂರು ನಾಲ್ಕು ಮೀಟರ್ ಆಳದಲ್ಲಿ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಜಾಗದ ವಿಚಾರದಲ್ಲಿ ನನಗೆ ಸಂಶಯವೇ ಇಲ್ಲ: ಮೊದಲ ಡೈವ್ ಬ್ರೇಕ್‌ವಾಟರ್ ಪಕ್ಕದ ಸ್ಯಾನ್ ಕಾರ್ಲೋಸ್ ಬೀಚಿನಲ್ಲಿ, ಸ್ಥಳೀಯ ಗೈಡ್ ಒಬ್ಬರ ಜೊತೆಯಲ್ಲಿ ಆಗಲಿ. ಕಲ್ಲಿನ ತಡೆಗೋಡೆ ಅಲೆಗಳನ್ನು ತಗ್ಗಿಸುತ್ತದೆ, ಮರಳಿನ ತಳ ನಿಧಾನವಾಗಿ ಇಳಿಯುತ್ತದೆ, ಗೋಡೆಯ ಮೇಲೆ ಕಡಲಸಿಂಹಗಳು ದಿನವಿಡೀ ಬೊಗಳುತ್ತಿರುತ್ತವೆ. ಪಾಯಿಂಟ್ ಲೋಬೋಸ್‌ನ ವೇಲರ್ಸ್ ಕೋವ್ ಇನ್ನೂ ಸುಂದರ. ಆದರೆ ಅಲ್ಲಿ ಮುಂಗಡ ಕಾದಿರಿಸಬೇಕು, ಪ್ರಮಾಣಪತ್ರ ತೋರಿಸಬೇಕು, ಒಬ್ಬರೇ ಇಳಿಯುವಂತಿಲ್ಲ. ಕಾರ್ಮೆಲ್ ದಕ್ಷಿಣದ ಮೊನಾಸ್ಟರಿ ಬೀಚಿನ ಕಡಿದಾದ ದಡದಲ್ಲಿ ಅಲೆಗೆ ಸಿಕ್ಕಿ ಜೀವ ಕಳೆದುಕೊಂಡವರಿದ್ದಾರೆ, ಹೊಸಬರು ಅತ್ತ ಸುಳಿಯಬಾರದು. ವಸಂತದಲ್ಲಿ ವಾಯವ್ಯದ ಗಾಳಿಗೆ ಆಳದ ತಣ್ಣೀರು ಮೇಲೆದ್ದು ಬಂದು, ಸೂಕ್ಷ್ಮಜೀವಿಗಳು ಹೆಚ್ಚಿ, ನೀರು ಹಸಿರಾಗುತ್ತದೆ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಅದು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಆದರೂ ಏಳೆಂಟು ಮೀಟರ್ ಕಂಡರೆ ಒಳ್ಳೆಯ ದಿನವೆಂದೇ ತಿಳಿಯಬೇಕು. ನಮಗೆ ಅಷ್ಟೂ ಕಾಣಲಿಲ್ಲ, ಹಾಗಾಗಿ ಜೊತೆಗಾರ ಡೈವರನ್ನು ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಂಡೆವು.

ಕೆಲ್ಪ್ ನೀರಿನ ಮೇಲೆ ಚಪ್ಪರ ಹಾಕಿದಂತೆ ಹರಡುತ್ತದೆ. ಅದರ ಅಡಿಯಲ್ಲೇ ಹಿಂತಿರುಗುವಷ್ಟು ಗಾಳಿ ಉಳಿಸಿಕೊಳ್ಳಿ. ಸಿಕ್ಕಿಕೊಂಡರೆ ಸುತ್ತ ತಿರುಗಿ ಒದ್ದಾಡದೆ ನಿಂತುಬಿಡಿ. ಎಳೆದರೆ ಜಗ್ಗುತ್ತದೆ, ಮಡಚಿದರೆ ಪಟ್ಟನೆ ಮುರಿಯುತ್ತದೆ. 2013ರಲ್ಲಿ ನಕ್ಷತ್ರಮೀನುಗಳಿಗೆ ರೋಗ ತಗುಲಿ, ಮುಂದೆ ಕಡಲು ಬಿಸಿಯೇರಿ, ಆ ನಕ್ಷತ್ರಮೀನುಗಳು ತಿನ್ನುತ್ತಿದ್ದ ನೇರಳೆ ಬಣ್ಣದ ಕಡಲ ಮುಳ್ಳುಜೀವಿಗಳು (ಸೀ ಅರ್ಚಿನ್) ವಿಪರೀತ ಹೆಚ್ಚಿ ಕೆಲ್ಪನ್ನು ತಿಂದುಹಾಕಿದ್ದರಿಂದ, ಹಳೆಯ ಬರಹಗಳಲ್ಲಿ ಕಾಡೆಂದು ಹೇಳಿರುವ ಕೆಲವು ಕಡೆ ಈಗ ಬರಿಯ ಬಂಡೆಯಿದೆ. ಹೋಗುವ ವಾರದಲ್ಲಿ ಡೈವ್ ಅಂಗಡಿಯಲ್ಲಿ ವಿಚಾರಿಸಿ.

ಬಾಡಿಗೆ ಸೂಟಿನಲ್ಲಿ ದಪ್ಪಕ್ಕಿಂತ ಅಳತೆ ಮುಖ್ಯ. ಬೆನ್ನಿನ ಕೆಳಭಾಗದಲ್ಲಿ ಸಡಿಲವಿದ್ದರೆ ಪ್ರತಿ ಚಲನೆಗೂ ಹೊಸ ತಣ್ಣೀರು ನುಗ್ಗುತ್ತದೆ. ನೀರು ಒಳಗೆ ಬಾರದ ಡ್ರೈಸೂಟ್ ಬೆಚ್ಚಗಿರುತ್ತದಾದರೂ ಅದರೊಳಗಿನ ಗಾಳಿ ಕಾಲಿನ ಕಡೆ ಓಡಿ ತಲೆಕೆಳಗು ಮಾಡಬಲ್ಲದು. ಪ್ರತ್ಯೇಕ ತರಬೇತಿಯಿಲ್ಲದೆ ಬೇಡ. ಒಂದೆರಡು ದಿನಕ್ಕೆ ಬಂದವರಿಗೆ ವೆಟ್‌ಸೂಟೇ ಸಾಕು. ಚಳಿಯಲ್ಲಿ ಗಾಳಿ ಬೇಗ ಖರ್ಚಾಗುತ್ತದೆ, ಅರ್ಧ ಗಂಟೆಯ ಡೈವ್ ಯೋಜಿಸಿ, ನಡುಕ ಹತ್ತಿದರೆ ಅಲ್ಲಿಗೇ ಮುಗಿಸಿ. ಎರಡು ಡೈವ್‌ಗಳ ನಡುವೆ ಒದ್ದೆ ಸೂಟಿನ ಮೇಲ್ಭಾಗ ಕಳಚಿ, ಉಣ್ಣೆಯ ಟೋಪಿ ಹಾಕಿಕೊಂಡು, ಫ್ಲಾಸ್ಕಿನ ಬಿಸಿ ಶುಂಠಿ ಕಷಾಯ ಕುಡಿದರೆ ಹಿತ. ತಣ್ಣೀರಿನಲ್ಲಿ ಮೂತ್ರ ಹೆಚ್ಚಾಗಿ ಮೈಯ ನೀರಿನಂಶ ಇಳಿಯುವುದರಿಂದ, ಬಾಯಾರಿಕೆ ಆಗದಿದ್ದರೂ ನೀರು ಕುಡಿಯುತ್ತಿರಬೇಕು. ಬೆಂಗಳೂರಿಗೆ ಮರಳುವ ವಿಮಾನವಿದ್ದರೆ ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ, ಸಾಧ್ಯವಾದರೆ ಒಂದು ಪೂರ್ಣ ದಿನ, ಬಿಟ್ಟು ಟಿಕೆಟ್ ತೆಗೆದುಕೊಳ್ಳಿ.