ಹಾಡು ಒಯ್ರಿ, ಅಂಕಿತ ಬಿಡಬ್ಯಾಡ್ರಿ

ಕಾಪಿರೈಟ್ ಅಂದಕೂಡ್ಲೆ ನಮ್ ರಾಯಚೂರ ಕಡೆ ಮಂದಿಗೆ ನೆನಪಾಗೋದು ಪೈರಸಿ ಸಿನಿಮಾ, ಇಲ್ಲಾ ಪೆನ್ ಡ್ರೈವ್‌ಗೆ ಹಾಡು ತುಂಬಿಕೊಡೋ ಮೊಬೈಲ್ ಅಂಗಡಿ. ಆದ್ರ ಈ ಕಾನೂನಿನೊಳಗ ಎರಡು ಬ್ಯಾರೆ ಬ್ಯಾರೆ ಹಕ್ಕು ಅದಾವ, ಒಂದು "ಇದನ್ನ ಮಾಡಿದ್ದು ನಾನು" ಅಂತ ಹೆಸರು ಹೇಳ್ಕೊಳ್ಳೋದು, ಇನ್ನೊಂದು "ನನ್ನ ಕೇಳದ ಮುಟ್ಟಬ್ಯಾಡ್ರಿ" ಅಂತ ಬೀಗ ಹಾಕೋದು, ನಾವು ಎರಡನ್ನೂ ಕಲಸಿಬಿಟ್ಟು ಜಗಳಾಡ್ತೀವಿ.

ದಾಸರು ಇವೆರಡನ್ನೂ ಬಿಡಿಸಿ ಇಟ್ಟಿದ್ರು ನೋಡ್ರಿ. ಮಾನ್ವಿ ಸೀಮೆಯವರೇ, ಚೀಕಲಪರ್ವಿ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು. ಕಡೀ ಚರಣದಾಗ ವಿಜಯವಿಠಲ ಅಂತ ಅಂಕಿತ, ಅಂದ್ರ ಪದ ಕಟ್ಟಿದವರ ಗುರುತಿನ ಹೆಸರು, ಬಂತು ಅಂದ್ರ ಪದ ಯಾರ್ದು ಅಂತ ಕೇಳೋದೇ ಬ್ಯಾಡ, ಆದ್ರ ಹಾಡಾಕ ಯಾರ ಪರ್ಮಿಶನ್ನೂ ಬೇಕಿರ್ಲಿಲ್ಲ, ಯಾರ್ ಬೇಕಾದ್ರೂ ಕಲೀಬಹುದು, ಊರೂರಿಗೆ ಒಯ್ಯಬಹುದು. ಹೌದ್ರಿ, ಅವರದು ಮಧುಕರ ವೃತ್ತಿ, ಮನಿಮನಿಗೆ ಹೋಗಿ ಭಿಕ್ಷಾ ಬೇಡಿ ಬದುಕೋದು, ಮನಿ ಲೋನ್ ಇರ್ಲಿಲ್ಲ, ಇವತ್ತಿನ ಲೇಖಕರಿಗೆ ಹೊಟ್ಟಿಪಾಡು ಅದ, ಹಂಗಾಗಿ ಬೀಗನೇ ಬ್ಯಾಡ ಅಂತ ನಾನೇನು ಅನ್ನಂಗಿಲ್ಲ. ಎಷ್ಟು ವರ್ಷ ಬೇಕು ಅನ್ನೋದು ನನ್ನ ತಕರಾರು.

1957ರ ಕಾಯ್ದೆಯಾಗ ಲೇಖಕರು ತೀರಿಕೊಂಡ ಮ್ಯಾಲೆ 50 ವರ್ಷ ಅಂತ ಇತ್ತು. ಟಾಗೋರರು ಹೋಗಿದ್ದು 1941ರಾಗ, ಅಂದ್ರ 1991 ಮುಗಿಯೋವಾಗ ಅವರ ಕೃತಿ ಎಲ್ಲಾರ್ದೂ ಆಗಬೇಕಿತ್ತು, ಅಷ್ಟರಾಗ ತಿದ್ದುಪಡಿ ತಂದು 60 ಮಾಡಿದ್ರು. ಇನ್ನಷ್ಟು ಬರೀಲಿ ಅಂತ ಹುರುಪು ಕೊಡಾಕ ಕಾಪಿರೈಟ್ ಅದ ಅಂತಾರಲ್ಲ, ತೀರಿಹೋದವರು ಹತ್ತು ವರ್ಷ ಜಾಸ್ತಿ ಸಿಕ್ತು ಅಂತ ಎದ್ದು ಬಂದು ಇನ್ನೊಂದು ಕವಿತೆ ಬರೀತಾರೇನು?

ಈಗ ಬೀಗದ ಕೈ ಮಷಿನ್ ಹತ್ರ ಅದ. ನಮ್ಮ ಓಣಿ ಭಜನಾ ಮಂಡಳಿಯವ್ರು ಜಗನ್ನಾಥದಾಸರ ಪದ ಹಾಡಿ ವಿಡಿಯೋ ಹಾಕಿದ್ರು, ಯಾವ್ದೋ ಆಡಿಯೋ ಕಂಪನಿ ಹೆಸರಿನಾಗ "ಇದು ನಮ್ದು" ಅಂತ ಕ್ಲೇಮ್ ಬಂತು. ದಾಸರು ಹೋಗಿದ್ದು 1809ರಾಗ! "ಏನ್ರಿ ಸರ, ದಾಸರ ಮರಿಮಕ್ಕಳೇನಾದ್ರೂ ಕೇಸ್ ಹಾಕ್ಯಾರೇನು?" ಅಂತ ಹಾರ್ಮೋನಿಯಂ ಕಾಕಾ ನನ್ನ ಕೇಳಿದ್ರು. ಆಗೋದು ಏನಂದ್ರ, ಪದ ಹಳೇದಾದ್ರೂ ಕಂಪನಿ ಮಾಡಿದ ರೆಕಾರ್ಡಿಂಗ್‌ಗೆ ಅದು ಬಿಡುಗಡೆ ಆದಾಗಿಂದ 60 ವರ್ಷ ಬ್ಯಾರೆ ಹಕ್ಕು ಇರ್ತದ, ನಾವು ಸ್ವಂತ ಗಂಟಲಿಂದ ಹಾಡಿದ್ರ ಅದು ನಮ್ ರೆಕಾರ್ಡಿಂಗ್, ಆದ್ರ ಸಾಫ್ಟ್‌ವೇರ್ ಧಾಟಿ ಹೋಲಿಸಿ ಒಂದೇ ಅಂತ ತೀರ್ಮಾನ ಮಾಡಿಬಿಡ್ತದ. ಕೋರ್ಟಿನಾಗ ದಾವೆ ಹಾಕಿದವ್ರು ಸಾಬೀತು ಮಾಡಬೇಕು, ಇಲ್ಲಿ ನಾವೇ ಕಳ್ಳರಲ್ಲ ಅಂತ ಫಾರ್ಮ್ ತುಂಬಬೇಕು.

ಇದಕ್ಕಿಂತ ನನಗ ಸಿಟ್ಟು ಬರೋದು ರೀಲ್ಸ್ ನೋಡಿದಾಗ. ಮೂವತ್ತು ಸೆಕೆಂಡಿನಾಗ ಪಲ್ಲವಿ ಅಷ್ಟೇ ಹಿಡೀತದ, ಅಂಕಿತ ಇರೋದು ಕಡೀ ಚರಣದಾಗ, ಅದು ಕಟ್! ಕೆಳಗ ಟ್ರೆಂಡಿಂಗ್ ಭಕ್ತಿ ಸಾಂಗ್ ಅಂತ ಬರ್ದಿರ್ತಾರ, ದಾಸರ ಹೆಸರಿಲ್ಲ, ಇದನ್ನ ಯಾವ ಮಷಿನ್ನೂ ಹಿಡಿಯಂಗಿಲ್ಲ. ಕಾಯ್ದೆಯೊಳಗ ಸೆಕ್ಷನ್ 57 ಅಂತ ಅದ, ಹಕ್ಕು ಮಾರಿದ ಮ್ಯಾಲೂ ಕರ್ತೃವಿನ ಹೆಸರು ಅಳಿಸಬಾರ್ದು, ಮಾನ ಹೋಗೋ ಹಂಗ ಕೃತಿ ಕೆಡಿಸಬಾರ್ದು. ದಿಲ್ಲಿ ವಿಜ್ಞಾನ ಭವನದಾಗಿಂದ ಕಿತ್ತು ಹಾಳು ಮಾಡಿದ ಕಂಚಿನ ಭಿತ್ತಿಶಿಲ್ಪಕ್ಕ ಅದನ್ನ ಮಾಡಿದ ಶಿಲ್ಪಿ ಅಮರನಾಥ್ ಸೆಹಗಲ್ ಕೇಸ್ ಹಾಕಿ 2005ರಾಗ ಸರ್ಕಾರದ ವಿರುದ್ಧ ಗೆದ್ದದ್ದು ಇದೇ ಸೆಕ್ಷನ್ ಮ್ಯಾಲೆ.

ಆದ್ರ ಅಂಕಿತದ ಲೆಕ್ಕ ಎಲ್ಲಾ ಕಡೆ ಹೊಂದಂಗಿಲ್ಲ. ಸಂಡೂರು ತಾಲೂಕಿನ ಬುಡ್ಗ ಜಂಗಮ ಸಮುದಾಯದ ದರೋಜಿ ಈರಮ್ಮ ಅಕ್ಷರ ಕಲ್ತವರಲ್ಲ, ಬುರ್ರಕಥಾ (ಹಾಡ್ತಾ ಕತಿ ಹೇಳೋ ಜಾನಪದ ಕಲೆ) ಮಹಾಕಾವ್ಯ ಬಾಯಾಗೇ ಹಿಡ್ಕೊಂಡಿದ್ರು, 2014ರಾಗ ತೀರಿಕೊಂಡ್ರು. ಆ ಕತಿಗಳಿಗೆ ಒಬ್ಬ ಕರ್ತೃ ಇಲ್ಲ, ಇನ್ನ ರೆಕಾರ್ಡ್ ಮಾಡಿದ್ರ ಅದನ್ನ ತಯಾರಿಸಿದವರೇ ಆ ರೆಕಾರ್ಡಿಂಗಿನ ಕರ್ತೃ ಅಂತದ ಕಾನೂನು, ಹಾಡಿದವರಿಗೆ ಅಂತ ಹಕ್ಕು ಬಂದಿದ್ದೇ 1994ರ ತಿದ್ದುಪಡಿಯಿಂದ. ಇಂಥಾ ವಿಡಿಯೋ ಮ್ಯಾಲೆ ಹಾಡಿದವರ ಹೆಸರು, ಊರು, ಬುಡ್ಗ ಜಂಗಮ ಸಮುದಾಯ ಅಂತ ಹಾಕೋದು ಎಲ್ಲಾರೂ ಇವತ್ತೇ ಮಾಡಬಹುದು. ರೊಕ್ಕ ಬಂದ್ರ ಮನಿಯವರಿಗೋ, ಮೇಳಕ್ಕೋ, ಇಡೀ ಸಮುದಾಯಕ್ಕೋ? ನಾನು ಮೇಳಕ್ಕ ಅಂತೀನಿ, ನಮ್ ಕಾಕಾ ಮನಿಯವರಿಗೆ ಅಂತ ವಾದಕ್ಕ ಕುಂತಾರ.