ಲಾನ್ ಕಿತ್ತು ಹೊಸದು ಹಾಕಿಸಬೇಕಾ?

ಮೈಸೂರಿನಲ್ಲಿ ಬೇರೆಯವರ ಮನೆಯ ಕೈತೋಟ ನೋಡಿಕೊಳ್ಳುವುದು ನನ್ನ ಕೆಲಸ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಅದನ್ನೇ ಎತ್ತುತ್ತಾರೆ: "ಮನೆ ಮುಂದಿನ ಲಾನ್ ಅಲ್ಲಲ್ಲಿ ಬೋಳಾಗಿದೆ, ಮಿಕ್ಕಿದ್ದೆಲ್ಲ ಕಳೆ. ಪೂರ್ತಿ ಕಿತ್ತು ಹೊಸದು ಹಾಕಿಸಿಬಿಡೋಣ್ವಾ ಮೇಡಂ?" ದಸರಾಕ್ಕೆ ಒಂದು ತಿಂಗಳಿರುವಾಗ ಈ ಪ್ರಶ್ನೆ ಜಾಸ್ತಿ. ನೆಂಟರು ಬರುತ್ತಾರಲ್ಲ.

ಬೇಡ ಅನ್ನುವುದೇ ಹೆಚ್ಚಿನ ಮನೆಗಳಿಗೆ ನನ್ನ ಉತ್ತರ. ಹುಲ್ಲು ಸುಮ್ಮನೆ ಸಾಯುವುದಿಲ್ಲ. ಬೋಳಾದ ಜಾಗದಲ್ಲಿ ಏನೋ ಒಂದು ಕಾರಣ ಕೂತಿರುತ್ತದೆ. ಅದನ್ನು ಹುಡುಕದೆ ಮೇಲೆ ನರ್ಸರಿಯಿಂದ ಮಣ್ಣಿನ ಸಮೇತ ಕತ್ತರಿಸಿದ ಹುಲ್ಲಿನ ಹಾಸು ತಂದು ಹಾಸಿದರೆ ಮಳೆಗಾಲ ಮುಗಿಯುವವರೆಗೆ ಚೆನ್ನಾಗಿರುತ್ತದೆ, ಬೇಸಿಗೆಗೆ ಸರಿಯಾಗಿ ಅದೇ ಜಾಗದಲ್ಲಿ ಅದೇ ಅಳತೆಗೆ ಒಣಗುತ್ತದೆ. ಅಂಥ ಹಾಸನ್ನು ಸಾಮಾನ್ಯವಾಗಿ ಜಿಗುಟು ಮಣ್ಣಿನಲ್ಲಿ ಬೆಳೆಸಿರುತ್ತಾರೆ. ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿನ ಮೇಲೆ ಅದನ್ನಿಟ್ಟರೆ ಎರಡೂ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ನೀರು ಮೇಲಿನ ಪದರದಲ್ಲೇ ನಿಂತು, ಬೇರೂ ಅಲ್ಲೇ ಸುತ್ತುತ್ತದೆ. ಜೊತೆಗೆ ಆ ಮಣ್ಣಿನಲ್ಲಿ ಕೊನ್ನಾರಿ ಗಡ್ಡೆ ಬಂದಿದ್ದರೆ ದುಡ್ಡು ಕೊಟ್ಟು ಕಳೆ ತಂದ ಹಾಗೆ.

ಮೊದಲು ಒಂದು ಕಂಬಿ ಬೇಕು. ಮನೆ ಕಟ್ಟಿದಾಗ ಉಳಿದ ಎಂಟು ಎಂಎಂ ಕಂಬಿಯ ತುಂಡಾದರೂ ಸಾಕು. ಮಣ್ಣು ಒದ್ದೆಯಿರುವಾಗ ಹಸಿರಾಗಿರುವ ಕಡೆ ಚುಚ್ಚಿ ನೋಡಿ, ಆಮೇಲೆ ಬೋಳಾಗಿರುವ ಕಡೆ ಚುಚ್ಚಿ. ವಿಜಯನಗರ ನಾಲ್ಕನೇ ಹಂತದ ಒಂದು ಮನೆಯಲ್ಲಿ ಗೇಟಿನ ಪಕ್ಕದ ಬೋಳಿನಲ್ಲಿ ಕಂಬಿ ಎರಡು ಇಂಚು ಇಳಿದು ಟಕ್ ಅಂತ ನಿಂತಿತು. ನನ್ನ ಜೊತೆ ಕೆಲಸಕ್ಕೆ ಬರುವ ಮದ್ದೂರು ಕಡೆಯ ಹಿರಿಯರೊಬ್ಬರು ಗುದ್ದಲಿಯಲ್ಲಿ ಕೆದಕಿದರು. ಮೊಸಾಯಿಕ್ ಚೂರು, ಇಟ್ಟಿಗೆ ಪುಡಿ, ಅದರ ಕೆಳಗೆ ಗಟ್ಟಿಯಾದ ಸಿಮೆಂಟಿನ ಒಂದು ತಟ್ಟೆ. ಗಾರೆಯವರು ಸಿಮೆಂಟು ಕಲಸುತ್ತಿದ್ದ ಜಾಗ ಅದು. "ಹುಲ್ಲೇನೂ ಸತ್ತಿಲ್ಲ ಕಣಕ್ಕ, ಬೇರು ಇಳಿಯಕ್ಕೆ ಜಾಗಿಲ್ಲ ಅಷ್ಟೆ" ಅಂದರು. ಮಂಕರಿಗಟ್ಟಲೆ ಕಲ್ಲು ತೆಗೆದು, ಮುಕ್ಕಾಲು ಅಡಿ ಆಳಕ್ಕೆ ಹೊಸ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿದೆವು. ಅಂಚಿನಲ್ಲಿದ್ದ ಗರಿಕೆ ತಾನಾಗಿಯೇ ಹಬ್ಬಿಕೊಂಡು ಬಂತು. ಹೊಸ ಬಡಾವಣೆಗಳಲ್ಲಿ ಲಾನ್ ಹಾಳಾಗಿದೆ ಎಂದು ಕರೆದವರ ಮನೆಗೆ ನಾನು ಕಂಬಿ ಬಿಟ್ಟು ಹೋಗುವುದೇ ಇಲ್ಲ.

ಕಂಬಿ ಸಲೀಸಾಗಿ ಇಳಿದರೆ ಹುಲ್ಲನ್ನು ಹಿಡಿದು ಎಳೆದು ನೋಡಿ. ಬೇರಿಲ್ಲದೆ ಚಾಪೆಯಂತೆ ಎದ್ದು ಬಂದರೆ ಅಡಿಯಲ್ಲಿ ಗೊಣ್ಣೆ ಹುಳು ಇರುತ್ತದೆ. ಬಿಳಿ ಮೈ, ಕಂದು ತಲೆ, ಕೈಗೆ ಸಿಕ್ಕಿದ ಕೂಡಲೆ ಸುರುಳಿ ಸುತ್ತುತ್ತದೆ. ಬೇಸಿಗೆಯ ಮೊದಲ ಜೋರು ಮಳೆಗೆ ದುಂಬಿಗಳು ಮಣ್ಣಿಂದೆದ್ದು ಬೇವು ಮುಂತಾದ ಮರಗಳ ಎಲೆ ತಿಂದು ಮಣ್ಣಿಗೆ ಮರಳಿ ಮೊಟ್ಟೆ ಇಡುತ್ತವೆ. ಮರಿಗಳು ಮಳೆಗಾಲದುದ್ದಕ್ಕೂ ಬೇರು ತಿನ್ನುತ್ತವೆ. ಲಾನಿನ ಒಂದೇ ಜಾಗವನ್ನು ಗೊರವಂಕ, ಕಾಗೆ ದಿನಾ ಕುಕ್ಕುತ್ತಿದ್ದರೆ ಅವನ್ನು ಓಡಿಸಬೇಡಿ, ಆ ಜಾಗ ಅಗೆದು ನೋಡಿ. ಮೆಟರೈಜಿಯಂ ಎಂಬ ಶಿಲೀಂಧ್ರದ ಪುಡಿ ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಸಂಜೆ ಹೊತ್ತು ಒದ್ದೆ ಮಣ್ಣಿಗೆ ಹಾಕಬೇಕು. ಅರೆಬರೆ ಕೊಳೆತ ಗೊಬ್ಬರ ಮಾತ್ರ ಬೇಡ, ಗೊಣ್ಣೆ ಹುಳು ಬರುವುದೇ ಎಷ್ಟೋ ಸಲ ಅದರ ಜೊತೆಗೆ.

ಮರದ ನೆರಳಿಗೆ ನನ್ನಲ್ಲಿ ಔಷಧಿಯಿಲ್ಲ. ಗರಿಕೆ ಜಾತಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮಾವಿನ ಮರದ ಬುಡಕ್ಕೆ ಮೂರನೇ ಸಲ ಹುಲ್ಲು ಹಾಕಿಸಲು ಹೊರಟವರಿಗೆ ನಾನು ಹೇಳುವುದು, ಬಿಟ್ಟುಬಿಡಿ, ಅಲ್ಲಿ ಒಂದೆಲಗ ಹಾಕಿ, ಚಟ್ನಿಗಾದರೂ ಆಗುತ್ತದೆ. ಅರೆನೆರಳಾದರೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ತಡೆದುಕೊಳ್ಳುತ್ತದೆ. ಕೆಆರ್‌ಎಸ್ ಬೃಂದಾವನದ ಹುಲ್ಲನ್ನು ತೋರಿಸಿ "ಹಾಗೆ ಬರಲಿ" ಅನ್ನುವವರಿದ್ದಾರೆ. 1932ಕ್ಕೆ ಮುಗಿದ ಆ ಉದ್ಯಾನ ಇರುವುದು ಅಣೆಕಟ್ಟೆಯ ಬುಡದಲ್ಲಿ, ಬಯಲ ಬಿಸಿಲಿನಲ್ಲಿ. ಎರಡು ಮಹಡಿ ಮನೆಗಳ ಸಂದಿಯ ಮುವ್ವತ್ತು ನಲವತ್ತರ ಸೈಟಿಗೆ ಅದನ್ನು ಹೋಲಿಸಿ ಪ್ರಯೋಜನವಿಲ್ಲ.

ಮಂಡ್ಯ ಕಡೆಯ ನಾಲೆ ಬಯಲಿನ ಮನೆಗಳಲ್ಲಿ ಇನ್ನೊಂದು ಪಜೀತಿ. ನೀರು ನಿಂತು ನಿಂತು ಮಣ್ಣು ಚೌಳಾಗಿರುತ್ತದೆ, ಬೇಸಿಗೆಯಲ್ಲಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಯಾರೋ ಹೇಳಿದರೆಂದು ಚೌಳು ಹೋಗಲು ಜಿಪ್ಸಂ ಸುರಿಯುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರವಿದೆ, ಮೈಸೂರು ಕಡೆಯವರಿಗೆ ಸುತ್ತೂರಿನದು. ನೀರು ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಜಿಪ್ಸಂನಿಂದಲೂ ಏನೂ ಆಗುವುದಿಲ್ಲ.

ಈಗ ಕಳೆ. ಎಲ್ಲ ಕಳೆಗೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹುಲ್ಲು ದಟ್ಟವಾದರೆ ಅರ್ಧ ಕಳೆ ತಾನೇ ಹೋಗುತ್ತದೆ. ಹೋಗದೆ ಕೂರುವುದು ಕೊನ್ನಾರಿ, ಕೆಲವರು ತುಂಗೆ ಅನ್ನುತ್ತಾರೆ. ಮಂಡ್ಯದ ಕಬ್ಬು ಬೆಳೆಗಾರರನ್ನು ಕೇಳಿ, ಅದರ ಜಾತಕ ಹೇಳುತ್ತಾರೆ. ಎಲೆ ಹಿಡಿದು ಎಳೆದರೆ ಬುಡದಲ್ಲಿ ಪಟ್ ಅಂತ ಕಿತ್ತು ಬರುತ್ತದೆ, ಕಪ್ಪು ಗಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಒದ್ದೆ ಮಣ್ಣಿನಲ್ಲಿ ಸಣ್ಣ ಹಾರೆಯಿಂದ ಮೀಟಿ, ಗಡ್ಡೆಯಿಂದ ಗಡ್ಡೆಗೆ ಹೋಗುವ ದಾರದಂಥ ಬೇರನ್ನೇ ಹಿಡಿದು ಬೆರಳಲ್ಲಿ ಹಿಂಬಾಲಿಸಬೇಕು. ಗಡ್ಡೆ ಮುರಿದರೆ ಒಳ್ಳೆಯ ಸುವಾಸನೆ ಬರುತ್ತದೆ, ಆಯುರ್ವೇದದವರಿಗೆ ಅದು ಭದ್ರಮುಷ್ಟಿ. ಎಷ್ಟು ಕಿತ್ತರೂ ಒಂದಷ್ಟು ಉಳಿದು ಮತ್ತೆ ಚಿಗುರುತ್ತದೆ. ಚಿಗುರಿದ್ದನ್ನು ಎರಡು ವಾರಕ್ಕೊಮ್ಮೆ ತೆಗೆಯುತ್ತಿದ್ದರೆ ಹೊಸ ಗಡ್ಡೆ ಕಟ್ಟಲು ಸಮಯ ಸಿಗುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಮೊದಲಿನಿಂದ ಶುರು. ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆಯಲು ಹೋಗಬೇಡಿ, ಜೊತೆಗೆ ಗರಿಕೆಯೂ ಹೋಗುತ್ತದೆ.

ಅಂದ ಹಾಗೆ, ಗರಿಕೆಯನ್ನೇ ಕಳೆ ಎಂದು ಕೀಳಿಸುವವರಿದ್ದಾರೆ. ಗಣೇಶನ ಹಬ್ಬಕ್ಕೆ ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಕಟ್ಟುಗಟ್ಟಲೆ ತರುವವರೂ ಅವರೇ. ಲಾನಿಗೆಂದು ಮಾರುವ ಬರ್ಮುಡಾ ಹುಲ್ಲು ಕೂಡ ಗರಿಕೆಯ ಜಾತಿಯೇ. ನಮ್ಮ ಬಿಸಿಲು, ಮಣ್ಣು ಎರಡನ್ನೂ ತಡೆದು ಉಳಿದ ಹುಲ್ಲು ನಿಮ್ಮ ಅಂಗಳದಲ್ಲಿ ಆಗಲೇ ಇದೆ ಎಂದರೆ ಬೀಜಕ್ಕೆ ಬೇರೆ ಕಡೆ ಯಾಕೆ ಹೋಗಬೇಕು?

ಬೋಳನ್ನು ಮುಚ್ಚಲು ನನಗೆ ಇಷ್ಟವಾದ ದಾರಿ ಹಳೆಯದು, ಸೆಗಣಿ ಲೇಪ. ಫುಟ್‌ಪಾತ್ ಕಡೆಗೆ ಹಬ್ಬಿದ ಗರಿಕೆಯ ಬಳ್ಳಿಗಳನ್ನು ಕುಡುಗೋಲಿನಲ್ಲಿ ಕೊಯ್ದು, ತುಂಡಿಗೆ ಎರಡು ಮೂರು ಗಿಣ್ಣು ಇರುವಂತೆ ಕತ್ತರಿಸಿ. ಹಸಿ ಸೆಗಣಿ, ಜರಡಿ ಹಿಡಿದ ಮಣ್ಣು ಸಮಸಮ ಹಾಕಿ, ಬಾಂಡ್ಲಿಯಲ್ಲಿ ನೀರು ಬಿಟ್ಟು ಗಟ್ಟಿಯಾಗಿ ಕಲಸಿ ಹುಲ್ಲಿನ ತುಂಡುಗಳನ್ನು ಅದರಲ್ಲಿ ಬೆರೆಸಿ. ಸಡಿಲ ಮಾಡಿ ಮಟ್ಟಸ ಮಾಡಿದ ನೆಲದ ಮೇಲೆ ಒಂದು ಇಂಚಿಗಿಂತ ದಪ್ಪವಾಗದಂತೆ ಬಳಿದು, ಒಣಹುಲ್ಲು ತೆಳ್ಳಗೆ ಹರಡಿ, ಬೆಳಿಗ್ಗೆ ಸಂಜೆ ಪೈಪಿನಲ್ಲಲ್ಲ, ಕೈಯಲ್ಲಿ ಚಿಮುಕಿಸಬೇಕು. ಗಿಣ್ಣುಗಳಿಂದ ಸೂಜಿಯಂತೆ ಹಸಿರು ಎದ್ದ ಮೇಲೆ ಒಣಹುಲ್ಲು ತೆಗೆಯಬಹುದು. ಸೆಗಣಿ ಮುಟ್ಟಲು ಮುಜುಗರವಾದರೆ ಬಳ್ಳಿಗಳನ್ನು ನಾಲ್ಕಿಂಚಿಗೊಂದರಂತೆ ಊರಿ. ಅದೂ ಹಬ್ಬುತ್ತದೆ, ಆದರೆ ನಿಧಾನ.

ಇದೆಲ್ಲದಕ್ಕೂ ಕಾಲ ಬೇಕು. ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ಮೈಸೂರಿಗೆ ಮೇ ತಿಂಗಳಲ್ಲಿ ಒಳ್ಳೆ ಮಳೆ, ಆಮೇಲೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮತ್ತೆ. ಮೇನಲ್ಲಿ ಶುರು ಮಾಡಿದವರಿಗೆ ದಸರಾ ಹೊತ್ತಿಗೆ ನೆಲ ಮುಚ್ಚಿರುತ್ತದೆ. ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿದವರಿಗೆ ನಾನು ಹಾಸು ಹಾಕಿಕೊಡುವುದಿಲ್ಲ, ಬೋಳಿನ ಮೇಲೆ ನಾಲ್ಕು ಚೆಂಡು ಹೂವಿನ ಕುಂಡ ಇಟ್ಟು ಹಬ್ಬ ಮುಗಿಸಿ ಅನ್ನುತ್ತೇನೆ. ಪುಷ್ಯದ ಚಳಿಯಲ್ಲಿ ಹುಲ್ಲು ಮಂಕಾದರೆ ಗಾಬರಿಯಾಗಿ ಯೂರಿಯಾ ಎರಚಬೇಡಿ, ಆಗ ಅದು ಬೆಳೆಯುವುದೇ ಕಮ್ಮಿ.

ಹಾಗೆಯೇ ವರ್ಷಾವರ್ಷ ಲಾನಿನ ಮೇಲೆ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಹೊಡೆಸುವ ಪದ್ಧತಿ ನಿಲ್ಲಿಸಿ. ದಪ್ಪ ಮಣ್ಣು ಇದ್ದ ಹುಲ್ಲನ್ನೂ ಹೂತುಹಾಕುತ್ತದೆ, ಲಾನ್ ವರಾಂಡದ ಮಟ್ಟಕ್ಕೆ ಏರುತ್ತದೆ. ಕಾಲು ತುಳಿದು ಗಟ್ಟಿಯಾದ ಕಡೆ ಹಾರೆಯಿಂದ ಮೂರು ನಾಲ್ಕು ಇಂಚಿನ ತೂತು ಹಾಕಿ ಮರಳು, ಪುಡಿ ಗೊಬ್ಬರ ಗುಡಿಸಿ ತುಂಬಿದರೆ ಸಾಕು. ನೀರನ್ನು ದಿನಾ ಚೂರು ಚೂರು ಕೊಡುವುದಕ್ಕಿಂತ ವಾರಕ್ಕೆ ಎರಡು ಸಲ ತುಂಬ ಕೊಡಿ. ಬೇಸಿಗೆಯಲ್ಲಿ ವಾರಕ್ಕೆ ಒಂದು ಇಂಚು ಮಳೆಯಷ್ಟು ಎಂದರೆ ನೂರು ಚದರಡಿಗೆ ಸುಮಾರು 230 ಲೀಟರ್. ಅಷ್ಟು ನೀರಿಲ್ಲದ ಮನೆಯವರು ಲಾನನ್ನು ಅರ್ಧಕ್ಕಿಳಿಸುವುದೇ ವಾಸಿ.

ಪೂರ್ತಿ ಕೀಳಿಸಿ ಎಂದು ನಾನು ಹೇಳುವುದು ಒಂದೇ ಸಂದರ್ಭದಲ್ಲಿ, ಅರ್ಧಕ್ಕಿಂತ ಹೆಚ್ಚು ಜಾಗ ಕೊನ್ನಾರಿಯದೇ ಆಗಿ ಹುಡುಕಿದರೂ ಗರಿಕೆ ಸಿಗದಾಗ. ಆಗಲೂ ಬೇಸಿಗೆಯಲ್ಲಿ ಅಗೆದು, ಗಡ್ಡೆ ಆಯ್ದು, ಮಣ್ಣನ್ನು ಬಿಸಿಲಿಗೆ ಬಿಟ್ಟು, ಒಂದೆರಡು ಮಳೆಗೆ ಚಿಗುರಿದ್ದನ್ನೂ ಕಿತ್ತ ಮೇಲೆಯೇ ಹುಲ್ಲು ನೆಡುವುದು. ಹೊಸ ಹುಲ್ಲು ಎರಡೂವರೆ ಇಂಚು ಬರುವವರೆಗೆ ಮೆಷಿನ್ ಆಡಿಸಬಾರದು. ಮೊದಲ ಸಲ ಮೇಲಿನ ಮೂರನೇ ಒಂದು ಪಾಲು ಮಾತ್ರ ಕತ್ತರಿಸಬೇಕು. ಕತ್ತರಿಸಲು ಬರುವವರು ಬೇಗ ಮುಗಿಯಲಿ ಎಂದು ಬುಡಕ್ಕೇ ಬೋಳಿಸುತ್ತಾರೆ, ಆವತ್ತು ಮಾತ್ರ ನೀವೇ ಪಕ್ಕದಲ್ಲಿ ನಿಂತಿರಿ.