10×12ರ ಕೋಣೆಗೆ ಮಾನಿಟರ್ ಸ್ಪೀಕರ್: ಕೆಲಸ ಎಲ್ಲಿಗೆ ಬಂತು

1ನೇ ವಾರ: ಟೇಪು ಮತ್ತು ಲೆಕ್ಕ

ಕೋಣೆ 10 ಅಡಿ ಅಗಲ, 12 ಅಡಿ ಉದ್ದ, ತಾರಸಿಯ ಎತ್ತರವೂ 10 ಅಡಿ. ಗಾರೆ ಗೋಡೆ, ಟೈಲ್ಸ್ ನೆಲ, ನಡುವೆ ಒಂದು ಸೀಲಿಂಗ್ ಫ್ಯಾನ್. ಮಾನಿಟರ್ ಸ್ಪೀಕರ್, ಅಂದರೆ ಹಾಡಿನ ಧ್ವನಿಗಳನ್ನು ಬೆರೆಸಿ ಹದ ಮಾಡುವಾಗ (ಮಿಕ್ಸ್) ಇದ್ದದ್ದನ್ನು ಇದ್ದ ಹಾಗೆ ಕೇಳಿಸುವ ಸ್ಪೀಕರ್, ಒಂದು ಜೊತೆ ಯಮಾಹಾ ಎಚ್‌ಎಸ್5.

ಅಗಲ, ಎತ್ತರ ಎರಡೂ ಒಂದೇ ಆಗಿರುವುದು ಈ ಕೋಣೆಯ ಜಾತಕದೋಷ. ಸೆಕೆಂಡಿಗೆ 343 ಮೀಟರ್ ಎಂಬ ಶಬ್ದದ ವೇಗವನ್ನು ಎದುರುಬದುರು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಅವುಗಳ ನಡುವೆ ನಿಲ್ಲುವ ಮೊದಲ ಅಲೆ (ಕೋಣೆಯ ಕೆಲವೆಡೆ ಉಬ್ಬಿ ಕೆಲವೆಡೆ ಅಡಗುವ ಸ್ವರ) ಸಿಗುತ್ತದೆ. ಉದ್ದಕ್ಕೆ (3.66 ಮೀ.) 47 ಹರ್ಟ್ಜ್. ಅಗಲಕ್ಕೂ ಎತ್ತರಕ್ಕೂ (3.05 ಮೀ.) 56. ಮುಂದಿನ ಅಲೆ 112, ಅದೂ ಎರಡು ದಿಕ್ಕಿನಿಂದ ಒಂದರ ಮೇಲೊಂದು.

56ಕ್ಕೆ ಹೆದರಬೇಕಾಗಿಲ್ಲ. ಎಚ್‌ಎಸ್5 74 ಹರ್ಟ್ಜ್‌ನಲ್ಲೇ 3 ಡೆಸಿಬೆಲ್ ಇಳಿದಿರುತ್ತದೆ, 54ಕ್ಕೆ ಬರುವಾಗ 10. ಅಲ್ಲದೆ ಅಗಲದ ಸರಿಯಾದ ನಡುವಿನಲ್ಲಿ ಕೂತರೆ ಅಡ್ಡ ದಿಕ್ಕಿನ 56 ಅಲ್ಲಿ ಸೊನ್ನೆ. ಕಾಟ ಕೊಡುವುದು 112: ಕೇಳುವ ಜಾಗದಲ್ಲೇ ಅದು ಉಬ್ಬುತ್ತದೆ. ಡಿ ಶ್ರುತಿಯ ತಂಬೂರಿಯ ಮಂದ್ರ ಪಂಚಮ 110 ಹರ್ಟ್ಜ್. ಆ ತಂತಿ ಮಾತ್ರ ಗುಮ್ಮೆಂದು ಮೇಲೆದ್ದರೆ ಮಿಕ್ಸ್ ಮಾಡುವವರು ಅದನ್ನು ಕತ್ತರಿಸುತ್ತಾರೆ, ಬೇರೆ ಕಡೆ ಕೇಳಿದಾಗ ತಂಬೂರಿ ಬಡಕಲಾಗಿರುತ್ತದೆ. ಇಂಥ ಕೋಣೆಗೆ 8 ಇಂಚಿನ ವೂಫರ್ (ಕೆಳಸ್ವರದ ದೊಡ್ಡ ಸ್ಪೀಕರ್) ತರುವುದೆಂದರೆ ದುಡ್ಡು ಕೊಟ್ಟು ತಲೆನೋವು ಕೊಂಡಂತೆ.

2ನೇ ವಾರ: ಜಾಗ

ಸ್ಪೀಕರ್‌ಗಳನ್ನು 10 ಅಡಿಯ ಗೋಡೆಗೆ ಬೆನ್ನು ಮಾಡಿ, 12 ಅಡಿಯ ಉದ್ದಕ್ಕೆ ಮುಖ ಮಾಡಿ ಇಡಲಾಗಿದೆ. ಕಿವಿಯ ಜಾಗ ಮುಂದಿನ ಗೋಡೆಯಿಂದ ಉದ್ದದ ಶೇ. 38ಕ್ಕೆ, ಅಂದರೆ 139 ಸೆಂ.ಮೀ. ಇದು ಶುರುಮಾಡುವ ಬಿಂದು ಅಷ್ಟೇ, ವೇದವಾಕ್ಯವಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಗೋಡೆಯಿಂದ ಎಷ್ಟು ದೂರ ಎಂಬ ಪ್ರಶ್ನೆ. ವೂಫರಿನಿಂದ ಹಿಂದಕ್ಕೆ ಹೋದ ಶಬ್ದ ಗೋಡೆಗೆ ಬಡಿದು ವಾಪಸು ಬರುವಾಗ, ಆ ದೂರ ಅಲೆಯುದ್ದದ ಕಾಲುಭಾಗ ಆಗುವ ಕಡೆ ನೇರ ಶಬ್ದವನ್ನು ಹೊಡೆದುಹಾಕುತ್ತದೆ. 343ನ್ನು ದೂರದ ನಾಲ್ಕರಷ್ಟರಿಂದ ಭಾಗಿಸಿದರೆ ತಗ್ಗು ಎಲ್ಲಿ ಬೀಳುತ್ತದೆಂದು ಗೊತ್ತಾಗುತ್ತದೆ. 60 ಸೆಂ.ಮೀ. ಇಟ್ಟರೆ 143 ಹರ್ಟ್ಜ್: ಗಂಡು ಗಾಯಕರ ಸಿ ಶಾರ್ಪ್ (138.6), ಡಿ (146.8) ಷಡ್ಜಗಳ ನಟ್ಟನಡುವೆ. 44 ಸೆಂ.ಮೀ. ಇಟ್ಟರೆ 195, ಹೆಣ್ಣು ಧ್ವನಿಯ ಜಿ ಶ್ರುತಿಯ ಷಡ್ಜ. ಎರಡೂ ಬೇಡ. ಕೊನೆಗೆ ವೂಫರಿನ ಕೋನ್‌ನಿಂದ ಗೋಡೆಗೆ 37 ಸೆಂ.ಮೀ. ಬಿಡಲಾಯಿತು: ಡಬ್ಬದ ಆಳ 22, ಹಿಂದಿನ ಪೋರ್ಟ್ (ಗಾಳಿಕಿಂಡಿ) ಉಸಿರಾಡಲು 10, ಗೋಡೆಗೆ ಹಚ್ಚುವ, ಶಬ್ದ ಹೀರುವ ಪ್ಯಾನೆಲ್‌ಗೆ 5. ತಗ್ಗು 232ಕ್ಕೆ ಏರಿತು, ಅಲ್ಲಿ ಪ್ಯಾನೆಲ್ ಸ್ವಲ್ಪ ಕೆಲಸಕ್ಕೆ ಬರುತ್ತದೆ.

ಗೋಡೆ ಹತ್ತಿರವಾದಷ್ಟೂ ಕೆಳಸ್ವರ ದಪ್ಪವಾಗುವುದರಿಂದ ಸ್ಪೀಕರ್ ಹಿಂಬದಿಯ, ಕೆಳಸ್ವರ ತಗ್ಗಿಸುವ ರೂಮ್ ಕಂಟ್ರೋಲ್ ಸ್ವಿಚ್ಚನ್ನು −2 ಡೆಸಿಬೆಲ್‌ಗೆ ಇಡಲಾಗಿದೆ. −4 ಹಾಕಿದರೆ ಮೃದಂಗದ ತೊಪ್ಪಿ ಸತ್ತುಹೋಗುತ್ತದೆ.

139ರಲ್ಲಿ 37 ಕಳೆದರೆ 102: ಸ್ಪೀಕರ್ ಸಾಲಿನಿಂದ ಕಿವಿಗೆ ಇರುವ ಅಂತರ. ಸಮಬಾಹು ತ್ರಿಕೋನಕ್ಕೆ ಎರಡು ಸ್ಪೀಕರ್‌ಗಳ ನಡುವೆ 118 ಸೆಂ.ಮೀ. ಪಕ್ಕದ ಗೋಡೆಗೆ ಎರಡೂ ಕಡೆ 93.5. ಟ್ವೀಟರ್ (ಮೇಲುಸ್ವರದ ಚಿಕ್ಕ ಸ್ಪೀಕರ್) ಕುಳಿತವರ ಕಿವಿಯ ಮಟ್ಟಕ್ಕೆ, ನೆಲದಿಂದ 120. ಎರಡೂ ಟ್ವೀಟರ್‌ಗಳಿಂದ ಮೂಗಿಗೆ ದಾರ ಹಿಡಿದು ನೋಡಬೇಕು: 1 ಸೆಂ.ಮೀ. ವ್ಯತ್ಯಾಸಕ್ಕೆ 0.03 ಮಿಲಿಸೆಕೆಂಡ್.

3ನೇ ವಾರ: ಕರೆಂಟು, ಕೇಬಲ್ಲು

ಸ್ಪೀಕರ್ ಎರಡು, ಆಡಿಯೋ ಇಂಟರ್‌ಫೇಸ್ (ಲ್ಯಾಪ್‌ಟಾಪಿಗೂ ಸ್ಪೀಕರ್, ಮೈಕ್‌ಗಳಿಗೂ ನಡುವಿನ ಪೆಟ್ಟಿಗೆ), ಲ್ಯಾಪ್‌ಟಾಪ್ ಚಾರ್ಜರ್, ಎಲ್ಲವೂ ಒಂದೇ 6 ಆಂಪಿಯರ್ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಬೇರೆ ಬೇರೆ ಸಾಕೆಟ್ಟಿಗೆ ಹಾಕಿದರೆ ಅರ್ತ್ ತಂತಿಗಳೇ ಒಂದು ಸುತ್ತು ಕಟ್ಟಿ (ಅರ್ತಿಂಗ್ ಲೂಪ್) 50 ಹರ್ಟ್ಜ್ ಗುಂಯ್‌ಗುಡುವಿಕೆ ಶುರು. ಮೊದಲು ಮಲ್ಟಿಮೀಟರ್ ಹಿಡಿಯಿರಿ: ಫೇಸ್‌ಗೂ ಅರ್ತ್‌ಗೂ ನಡುವೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 2–3 ವೋಲ್ಟ್ ಮೀರಬಾರದು. ಹಳೇ ಮನೆಗಳಲ್ಲಿ ಮೂರನೇ ರಂಧ್ರವಿದ್ದರೂ ಒಳಗೆ ತಂತಿಯೇ ಇರುವುದಿಲ್ಲ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ಅದು ಜೀವದ ಜೊತೆ ಆಟ.

ಗುಂಯ್ ಹೋಗಿ ಚರಚರ ಉಳಿದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಚಾರ್ಜರ್, ಸ್ಕ್ವೇರ್ ವೇವ್ ಇನ್ವರ್ಟರ್, ಈ ಮೂರನ್ನು ಒಂದೊಂದಾಗಿ ಆರಿಸಿ ನೋಡಬೇಕು. ಕರೆಂಟ್ ಹೋದ ಕೂಡಲೇ ಸ್ಪೀಕರ್ ಸ್ವಿಚ್ ಆಫ್. ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಮೊದಲು. ಇಲ್ಲದಿದ್ದರೆ ಇಂಟರ್‌ಫೇಸಿನ ‘ಧಡ್’ ನೇರ ಕೋನ್‌ಗೆ.

ಕೇಬಲ್ 3 ಮೀಟರಿನ ಎರಡು, ಎರಡೂ ತುದಿ ಟಿಆರ್‌ಎಸ್ (ತುದಿ, ಉಂಗುರ, ತೋಳು ಎಂಬ ಮೂರು ಸಂಪರ್ಕದ ಜ್ಯಾಕ್). ಮೊಬೈಲಿನ ಸ್ಟೀರಿಯೋ ಜ್ಯಾಕನ್ನು ಸ್ಪೀಕರಿನ ಇಂಥ ಇನ್‌ಪುಟ್‌ಗೆ ನೇರ ಚುಚ್ಚಬೇಡಿ. ತುದಿಯಲ್ಲಿ ಎಡ, ಉಂಗುರದಲ್ಲಿ ಬಲ ಬಂದು, ಬ್ಯಾಲೆನ್ಸ್ಡ್ ಇನ್‌ಪುಟ್ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಹಾಡು ಕೇಳುತ್ತದೆ, ಎಡಬಲ ಎರಡರಲ್ಲೂ ಸಮನಾಗಿರುವ ನಡುವಿನ ಗಾಯಕರು ನಾಪತ್ತೆ. ಸ್ಪೀಕರ್ ಕೆಟ್ಟಿದೆ ಎಂದು ಅಂಗಡಿಗೆ ಹೊರುವ ಮುನ್ನ ಇದನ್ನು ನೋಡಿ.

4ನೇ ವಾರ: ಪ್ಯಾನೆಲ್

ಶಬ್ದ ಹೀರಲು ಗೋಡೆಗೆ ಮೊಟ್ಟೆ ಟ್ರೇ ಬೇಡ. 112ಕ್ಕೆ ಅದು ಇದ್ದೂ ಇಲ್ಲದ ಹಾಗೆ. ಘನ ಮೀಟರಿಗೆ 48 ಕೆಜಿ ಸಾಂದ್ರತೆಯ, 5 ಸೆಂ.ಮೀ. ದಪ್ಪದ ರಾಕ್‌ವೂಲ್ (ಕಲ್ಲುಣ್ಣೆ) ತಂದು, ಸ್ಲ್ಯಾಬಿನ ಅಳತೆ ನೋಡಿದ ಮೇಲೆಯೇ ಬಡಗಿಗೆ ಚೌಕಟ್ಟು ಹೇಳಬೇಕು. ಹೊದಿಕೆಗೆ ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಗುವಂಥ ಹತ್ತಿ ಬಟ್ಟೆ. ತುಂಬುವಾಗ ಮಾಸ್ಕ್, ಗ್ಲೌಸ್, ತುಂಬುತೋಳಿನ ಅಂಗಿ.

ಸ್ಪೀಕರ್ ಹಿಂದೆ ಎರಡು (5 ಸೆಂ.ಮೀ.). ಪಕ್ಕದ ಗೋಡೆಗಳಿಗೆ ಒಂದೊಂದು, ಎರಡು ಪದರ ಸೇರಿ 10 ಸೆಂ.ಮೀ. ದಪ್ಪ, ಒಬ್ಬರು ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋಗಿ, ಕುಳಿತವರಿಗೆ ಟ್ವೀಟರ್ ಕಂಡ ಜಾಗದಲ್ಲಿ. ತಾರಸಿಯದೇ ಇಕ್ಕಟ್ಟು: ಪ್ರತಿಫಲನ ಬೀಳುವುದು ಮುಂದಿನ ಗೋಡೆಯಿಂದ 88 ಸೆಂ.ಮೀ.ಗೆ, 1200 ಮಿ.ಮೀ. ಫ್ಯಾನಿನ ರೆಕ್ಕೆ 123ರವರೆಗೆ ಬರುತ್ತದೆ. 2×4 ಅಡಿಯ ಪ್ಯಾನೆಲ್ ಅಡ್ಡಲಾಗಿ 58ರಿಂದ 118ರವರೆಗೆ ಕೂತಿತು, ಐದೇ ಸೆಂ.ಮೀ. ಉಳಿಸಿ. ಉಣ್ಣೆಯೇ ಮೂರೂವರೆ ಕೆಜಿ, ಜೊತೆಗೆ ಮರ. ನಾಲ್ಕು ಆಂಕರ್ ಬೋಲ್ಟ್, ತಾರಸಿಗೂ ಪ್ಯಾನೆಲ್‌ಗೂ ನಡುವೆ 10 ಸೆಂ.ಮೀ. ಗಾಳಿ.

5ನೇ ವಾರ: ಅಳತೆ

ಕೋಣೆಯ ಶಬ್ದ ಅಳೆಯುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ ಉಚಿತ. ಮೈಕ್ ಬೆಹ್ರಿಂಗರ್ ಇಸಿಎಂ8000, ಅದಕ್ಕೆ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಹೋಗುವ ಕರೆಂಟು) ಬೇಕು. ಮೈಕ್ ಕಿವಿಯ ಜಾಗದಲ್ಲಿ, ಫ್ಯಾನ್ ಆಫ್. ಪಿಂಕ್ ನಾಯ್ಸ್ (ಎಲ್ಲ ಸ್ವರ ಬೆರೆತ ಭೋರ್ಗರೆತ) ಹಾಕಿ ಒಂದೊಂದೇ ಸ್ಪೀಕರ್ 75 ಡೆಸಿಬೆಲ್‌ಗೆ ಹೊಂದಿಸಿ, ಆಮೇಲೆ ಸ್ವೀಪ್ (ಕೆಳಸ್ವರದಿಂದ ಮೇಲುಸ್ವರಕ್ಕೆ ಏರುವ ಶಬ್ದ).

ಪ್ಯಾನೆಲ್‌ಗೆ ಮುಂಚೆ 112ರ ಉಬ್ಬು 8 ಡೆಸಿಬೆಲ್, ಈಗ 5. 10 ಸೆಂ.ಮೀ. ಉಣ್ಣೆಯಿಂದ ಇಷ್ಟೇ ಸಾಧ್ಯ. ಉಳಿದದ್ದಕ್ಕೆ ಇಕ್ವಲೈಜರಿನಲ್ಲಿ (ಬೇಕಾದ ಸ್ವರದ ಮಟ್ಟವನ್ನಷ್ಟೇ ಏರಿಳಿಸುವ ಸಾಧನ) 112ಕ್ಕೆ 4 ಡೆಸಿಬೆಲ್ ಇಳಿಸಲಾಗಿದೆ. 232ರ ತಗ್ಗನ್ನು ಮುಟ್ಟಿಲ್ಲ: ಅಲ್ಲಿ ಎಷ್ಟು ಏರಿಸಿದರೂ ಗೋಡೆಯಿಂದ ಬರುವ ಶಬ್ದವೂ ಅಷ್ಟೇ ಏರಿ ಹೊಡೆದುಹಾಕುತ್ತದೆ, ಆಂಪ್ಲಿಫೈಯರ್ ಸುಸ್ತಾಗುವುದಷ್ಟೇ ಲಾಭ.

ಬಾಕಿ: ಹಿಂದಿನ ಗೋಡೆಯ ಎರಡು ಮೂಲೆಗಳಿಗೆ ನೆಲದಿಂದ ತಾರಸಿವರೆಗೆ 30 ಸೆಂ.ಮೀ. ದಪ್ಪದ ಉಣ್ಣೆ. ಬಾಗಿಲು ತೆರೆಯುವುದು ಅದರಲ್ಲೊಂದು ಮೂಲೆಗೇ. ಕೀಲನ್ನು ಆಚೆ ಬದಿಗೆ ಹಾಕಿಸಲು ಬಡಗಿಗೆ ಹೇಳಿಯಾಗಿದೆ.